ಲ್ಯಾಪ್‌ಟಾಪ್ ಆನ್ ಮಾಡಿದಾಗಲೆಲ್ಲ ಡಿಸ್ಕ್ ತಪಾಸಣೆಯಲ್ಲೇ ನಿಲ್ಲುತ್ತಿದೆ: ಫಾರ್ಮ್ಯಾಟ್ ಮಾಡದೆ ಸರಿಪಡಿಸಬಹುದೇ?

ಮುದ್ರಣಮಿತ್ರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ನಡೆಸುತ್ತಿದ್ದೇನೆ. ಅಂಗಡಿಯ ಮುಖ್ಯ ಕೆಲಸವೆಲ್ಲ ನಡೆಯುವುದು 2017ರಲ್ಲಿ ಕೊಂಡ ಒಂದು ಲ್ಯಾಪ್‌ಟಾಪ್‌ನಲ್ಲಿ. ಅದರಲ್ಲಿ 1 ಟಿಬಿ ಹಾರ್ಡ್‌ಡಿಸ್ಕ್ ಮತ್ತು ವಿಂಡೋಸ್ 10 ಇದೆ. ಇತ್ತೀಚೆಗೆ ಅದನ್ನು ಆನ್ ಮಾಡಿದಾಗಲೆಲ್ಲ ಕಂಪನಿಯ ಲಾಂಛನದ ಕೆಳಗೆ ‘ಸ್ಕ್ಯಾನಿಂಗ್ ಆ್ಯಂಡ್ ರಿಪೇರಿಂಗ್ ಡ್ರೈವ್ ಸಿ’ ಎಂಬ ಸಾಲು ಕಾಣಿಸಿಕೊಂಡು ಶೇಕಡಾ ಲೆಕ್ಕ ಓಡತೊಡಗುತ್ತದೆ. ಹತ್ತು ಹನ್ನೆರಡರವರೆಗೆ ಸರಸರನೆ ಏರುವ ಅಂಕಿ ಆಮೇಲೆ ಅಲ್ಲೇ ನಿಂತುಬಿಡುತ್ತದೆ. ಹಾರ್ಡ್‌ಡಿಸ್ಕ್ ದೀಪ ಮಾತ್ರ ಉರಿಯುತ್ತಲೇ ಇರುತ್ತದೆ.

ಬೆಳಿಗ್ಗೆ ಗಿರಾಕಿಗಳು ಕಾಯುತ್ತಿರುವಾಗ ಅಷ್ಟು ಹೊತ್ತು ತಾಳಿಕೊಳ್ಳಲಾಗುವುದಿಲ್ಲ. ಆದ್ದರಿಂದ ಶುರುವಿನಲ್ಲಿ ತೋರಿಸುವ 8 ಸೆಕೆಂಡ್‌ಗಳೊಳಗೆ ಯಾವುದಾದರೂ ಕೀ ಒತ್ತಿ ತಪಾಸಣೆಯನ್ನು ದಾಟಿಸಿ ಕೆಲಸಕ್ಕೆ ಕೂರುತ್ತೇನೆ. ಒಮ್ಮೆ ಅಂಗಡಿ ಮುಚ್ಚುವಾಗ ಅದನ್ನು ಹಾಗೆಯೇ ಓಡಲು ಬಿಟ್ಟು ಹೋಗಿದ್ದೆ. ಬೆಳಿಗ್ಗೆ ಲಾಗಿನ್ ಪರದೆ ಬಂದಿತ್ತು, ಎಂದರೆ ತಪಾಸಣೆ ಮುಗಿದಿತ್ತು. ಆದರೆ ಎರಡೇ ದಿನಕ್ಕೆ ಮತ್ತೆ ಅದೇ ಕಥೆ ಶುರುವಾಯಿತು. ಈಗ ಪೇಜ್‌ಮೇಕರ್ ಫೈಲ್ ಉಳಿಸುವಾಗಲೂ ಒಮ್ಮೊಮ್ಮೆ ಯಂತ್ರ ಅರ್ಧ ನಿಮಿಷ ಸ್ತಬ್ಧವಾಗುತ್ತದೆ.

ಇನ್ನೊಂದು ವಿಷಯ ಹೇಳಬೇಕು. ಬ್ಯಾಟರಿ ಉಬ್ಬಿದ್ದರಿಂದ ತೆಗೆದಿಟ್ಟು, ನೇರವಾಗಿ ಚಾರ್ಜರ್‌ನಿಂದಲೇ ನಡೆಸುತ್ತಿದ್ದೇನೆ. ಅಂಗಡಿಯ ಯುಪಿಎಸ್‌ಗೆ ಡೆಸ್ಕ್‌ಟಾಪ್ ಮಾತ್ರ ಜೋಡಿಸಿದೆ. ಹೀಗಾಗಿ ಕರೆಂಟ್ ಹೋದರೆ ಲ್ಯಾಪ್‌ಟಾಪ್ ಆ ಕ್ಷಣವೇ ಆರಿಹೋಗುತ್ತದೆ.

ಇಲ್ಲಿನ ರಿಪೇರಿಯವರು ನೋಡಿದವರೇ ‘ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಿದರೆ ಸರಿಹೋಗುತ್ತದೆ’ ಎಂದರು. ಪರಿಚಿತರೊಬ್ಬರು ತಪಾಸಣೆಯನ್ನೇ ನಿಲ್ಲಿಸುವ ಒಂದು ಆದೇಶವಿದೆ ಎನ್ನುತ್ತಾರೆ. ನನ್ನ ಬಳಿ ವರ್ಷಗಳಿಂದ ಕೂಡಿಬಂದ ನುಡಿ ಫೈಲ್‌ಗಳು, ಲಗ್ನಪತ್ರಿಕೆಯ ವಿನ್ಯಾಸಗಳು, ಸಹಕಾರ ಸಂಘಗಳ ವಾರ್ಷಿಕ ವರದಿಗಳು, ಅಫಿಡವಿಟ್ ನಮೂನೆಗಳು ಇವೆ. ಕೆಲವಕ್ಕೆ ಪೆನ್‌ಡ್ರೈವ್ ಪ್ರತಿ ಇದೆ, ಹೆಚ್ಚಿನವಕ್ಕೆ ಇಲ್ಲ. ಡಿಸ್ಕ್ ಹೋಗಿದೆಯೇ, ವಿಂಡೋಸ್ ಕೆಟ್ಟಿದೆಯೇ ಎಂದು ತಿಳಿಯುವುದು ಹೇಗೆ? ಯಾವ ಕೆಲಸವನ್ನು ಮೊದಲು ಮಾಡಬೇಕು?

ಹಾರ್ಡ್‌ವೇರ್ ಹವ್ಯಾಸಿ

ಸರ್, ಮೊದಲು ಮಾಡಬೇಕಾದದ್ದು ಫೈಲ್‌ಗಳ ಪ್ರತಿ. ಉಳಿದದ್ದೆಲ್ಲ ಆಮೇಲೆ. ಫಾರ್ಮ್ಯಾಟ್ ಬೇಡ, ಇನ್ನೊಂದು ರಾತ್ರಿ ತಪಾಸಣೆಗೆ ಬಿಡುವುದೂ ಬೇಡ. ಏಕೆಂದರೆ ನಿಮ್ಮ ವಿವರಣೆಯಲ್ಲಿರುವ ಎರಡು ಸಂಗತಿಗಳು, ಅಂದರೆ ಅಂಕಿ ಒಂದೇ ಜಾಗದಲ್ಲಿ ನಿಲ್ಲುವುದು ಮತ್ತು ಫೈಲ್ ಉಳಿಸುವಾಗ ಯಂತ್ರ ಸ್ತಬ್ಧವಾಗುವುದು, ಎರಡೂ ಡಿಸ್ಕ್‌ನ ಕಡೆಗೇ ಬೆರಳು ತೋರಿಸುತ್ತವೆ.

ಈ ತಪಾಸಣೆ ಏಕೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರಿಸುತ್ತೇನೆ, ಕಾರಣ ತಿಳಿಯದೆ ಮಾಡುವ ರಿಪೇರಿ ಹೆಚ್ಚು ದಿನ ನಿಲ್ಲುವುದಿಲ್ಲ. ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಫೈಲ್ ವ್ಯವಸ್ಥೆಯಲ್ಲಿ ಪ್ರತಿ ಡ್ರೈವ್‌ಗೂ ‘ಡರ್ಟಿ ಬಿಟ್’ ಎಂಬ ಒಂದು ಗುರುತು ಇರುತ್ತದೆ. ಡ್ರೈವ್‌ನ ಒಳರಚನೆಯಲ್ಲಿ ಏನೋ ಹೊಂದಿಕೆಯಾಗುತ್ತಿಲ್ಲವೆಂದು ವಿಂಡೋಸ್‌ಗೆ ಅನಿಸಿದಾಗ ಅದು ಈ ಗುರುತು ಹಾಕಿಡುತ್ತದೆ. ಮುಂದಿನ ಸಲ ಯಂತ್ರ ಏಳುವಾಗ, ಡೆಸ್ಕ್‌ಟಾಪ್ ಬರುವುದಕ್ಕೂ ಬಹಳ ಮೊದಲೇ, ಆಟೋಚೆಕ್ ಎಂಬ ಚಿಕ್ಕ ಪ್ರೋಗ್ರಾಂ ಆ ಗುರುತನ್ನು ನೋಡಿ ತಪಾಸಣೆ ಶುರುಮಾಡುತ್ತದೆ. ತಪಾಸಣೆ ಸರಿಯಾಗಿ ಮುಗಿದರೆ ಮಾತ್ರ ಗುರುತು ಅಳಿಯುತ್ತದೆ. ನೀವು ಕೀ ಒತ್ತಿ ದಾಟಿಸಿದಾಗ ಗುರುತು ಹಾಗೆಯೇ ಉಳಿಯುವುದರಿಂದ ಮರುದಿನವೂ ಅದೇ ಪರದೆ ಬರುವುದು ಸಹಜ. ಅದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವಿರುವುದು, ರಾತ್ರಿಯಿಡೀ ನಡೆದು ಪೂರ್ತಿ ಮುಗಿದ ಮೇಲೂ ಎರಡೇ ದಿನದಲ್ಲಿ ಗುರುತು ಮತ್ತೆ ಬಿದ್ದದ್ದರಲ್ಲಿ.

ಕರೆಂಟ್ ಹೋಗುವುದೇ ಇದಕ್ಕೆಲ್ಲ ಕಾರಣವೆಂದು ಹಲವರು ಹೇಳುತ್ತಾರೆ. ಅದು ಅರ್ಧ ಸತ್ಯ. 1993ರಲ್ಲಿ ವಿಂಡೋಸ್ ಎನ್‌ಟಿ 3.1ರ ಜೊತೆ ಬಂದಾಗಿನಿಂದಲೂ ಎನ್‌ಟಿಎಫ್‌ಎಸ್ ತಾನು ಮಾಡಲಿರುವ ಬದಲಾವಣೆಯನ್ನು ಮೊದಲು ಒಂದು ದಿನಚರಿಯಲ್ಲಿ ಬರೆದುಕೊಂಡು ನಂತರ ಕೆಲಸ ಮಾಡುವ ಪದ್ಧತಿಯದು. ಮಧ್ಯದಲ್ಲಿ ಕರೆಂಟ್ ಹೋದರೆ, ಮುಂದಿನ ಸಲ ಆ ದಿನಚರಿಯನ್ನು ಓದಿ ಅರ್ಧಕ್ಕೆ ನಿಂತದ್ದನ್ನು ಪೂರೈಸುತ್ತದೆ, ಇಲ್ಲವೇ ರದ್ದುಮಾಡುತ್ತದೆ. ಹೀಗಾಗಿ ಒಂದು ಸಲ ಕರೆಂಟ್ ಹೋದ ಮಾತ್ರಕ್ಕೆ ಇಡೀ ಡಿಸ್ಕ್‌ನ ತಪಾಸಣೆ ಬೇಕಾಗುವುದಿಲ್ಲ. ಆದರೆ ಹಾರ್ಡ್‌ಡಿಸ್ಕ್ ತನ್ನ ತಾತ್ಕಾಲಿಕ ಸ್ಮೃತಿಯಲ್ಲಿ ಇಟ್ಟುಕೊಂಡಿದ್ದನ್ನು ಒಳಗಿನ ತಿರುಗುವ ತಟ್ಟೆಗೆ ಬರೆಯುವ ಹೊತ್ತಿನಲ್ಲಿಯೇ ವಿದ್ಯುತ್ ಪದೇ ಪದೇ ಕಡಿದುಹೋದರೆ ಫೈಲ್ ವ್ಯವಸ್ಥೆಯೂ ಕೆಡಬಹುದು, ಕಾಲಕ್ರಮೇಣ ಡಿಸ್ಕೂ ಸೊರಗಬಹುದು.

ಈಗ ಪರೀಕ್ಷೆಗೆ ಬರೋಣ. ಸ್ಟಾರ್ಟ್ ಮೆನುವಿನಲ್ಲಿ ಕಮಾಂಡ್ ಪ್ರಾಂಪ್ಟ್ ಹುಡುಕಿ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಅಲ್ಲಿ ‘ಎಫ್‌ಎಸ್‌ಯುಟಿಲ್ ಡರ್ಟಿ ಕ್ವೆರಿ ಸಿ:’ ಎಂಬ ಆದೇಶ ಕೊಡಿ (ಇಲ್ಲಿ ಕನ್ನಡದಲ್ಲಿ ಬರೆದಿರುವ ಆದೇಶಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು). ‘ಡರ್ಟಿ’ ಎಂದು ಉತ್ತರ ಬಂದರೆ ಗುರುತು ನಿಜವಾಗಿಯೂ ಬಿದ್ದಿದೆ. ‘ನಾಟ್ ಡರ್ಟಿ’ ಎಂದು ಬಂದೂ ತಪಾಸಣೆ ನಡೆಯುತ್ತಿದ್ದರೆ ಕಾರಣವೇ ಬೇರೆ. ಹಿಂದೊಮ್ಮೆ ಯಾರೋ ನಿಗದಿಪಡಿಸಿದ ತಪಾಸಣೆ ರಿಜಿಸ್ಟ್ರಿಯ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಕಡತ) ‘ಬೂಟ್‌ಎಕ್ಸಿಕ್ಯೂಟ್’ ಎಂಬ ಜಾಗದಲ್ಲಿ ಅಳಿಯದೆ ಉಳಿದಿರಬಹುದು. ಆಗ ‘ಚೆಕ್‌ಎನ್‌ಟಿಎಫ್‌ಎಸ್ ಸ್ಲ್ಯಾಷ್ ಡಿ’ (chkntfs /d) ಎಂಬ ಆದೇಶ ಅದನ್ನು ಮೊದಲಿನ ಸ್ಥಿತಿಗೆ ತರುತ್ತದೆ, ರಿಜಿಸ್ಟ್ರಿಗೆ ಕೈಹಾಕುವ ಅಗತ್ಯ ಬರುವುದಿಲ್ಲ. ಪರದೆಯಲ್ಲಿ ಕಾಣುವ ಅಕ್ಷರ ಸಿ ಹೌದೇ ಎಂಬುದನ್ನೂ ಗಮನಿಸಿ. ಸದಾ ಚುಚ್ಚಿಕೊಂಡೇ ಇರುವ ಪೆನ್‌ಡ್ರೈವ್ ಅಥವಾ ಮೆಮೊರಿ ಕಾರ್ಡ್‌ಗಾಗಿ ತಪಾಸಣೆ ನಡೆಯುತ್ತಿರುವುದನ್ನು ಸಿ ಡ್ರೈವ್‌ನದೆಂದು ತಿಳಿದವರೂ ಇದ್ದಾರೆ.

ಎರಡನೆಯದಾಗಿ, ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶವನ್ನು ಹಾಕಿ ನೋಡಿ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ‘ಸ್ಮಾರ್ಟ್’ ಲೆಕ್ಕಗಳನ್ನು ಅದು ತೋರಿಸುತ್ತದೆ. 05, ಸಿ5, ಸಿ6, ಸಿ7 ಎಂಬ ನಾಲ್ಕು ಸಾಲುಗಳ ಕೊನೆಯ ಕಾಲಂನಲ್ಲಿರುವ ಅಂಕಿಗಳನ್ನು ಇಲ್ಲಿ ಬರೆಯಿರಿ.

ಮೂರನೆಯದಾಗಿ, ಈವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್‌ನ ಅಪ್ಲಿಕೇಶನ್ ವಿಭಾಗದಲ್ಲಿ ‘ವಿನ್‌ಇನಿಟ್’ ಮೂಲದ, 1001 ಸಂಖ್ಯೆಯ ದಾಖಲೆಯನ್ನು ಹುಡುಕಿ. ಆ ರಾತ್ರಿ ಮುಗಿದ ತಪಾಸಣೆಯ ಪೂರ್ತಿ ವರದಿ ಅಲ್ಲಿ ಇರುತ್ತದೆ. ಅದರಲ್ಲಿ ಬ್ಯಾಡ್ ಸೆಕ್ಟರ್‌ಗಳಲ್ಲಿ (ಡಿಸ್ಕ್‌ನ ಕೆಟ್ಟ ಜಾಗಗಳಲ್ಲಿ) ಎಷ್ಟು ಕೆಬಿ ಎಂಬ ಸಾಲು ಮುಖ್ಯ. ಸಿಸ್ಟಂ ವಿಭಾಗದಲ್ಲಿ ‘ಡಿಸ್ಕ್’ ಮೂಲದ 7 ಅಥವಾ 153, ‘ಎನ್‌ಟಿಎಫ್‌ಎಸ್’ ಮೂಲದ 55 ಸಂಖ್ಯೆಯ ದಾಖಲೆಗಳಿವೆಯೇ ನೋಡಿ. 7 ಎಂದರೆ ಓದಲಾಗದ ಜಾಗ ಸಿಕ್ಕಿದೆ. 153 ಎಂದರೆ ಒಂದೇ ಕೆಲಸವನ್ನು ಮತ್ತೆ ಪ್ರಯತ್ನಿಸಬೇಕಾಗಿ ಬಂದಿದೆ. 55 ಎಂದರೆ ಫೈಲ್ ವ್ಯವಸ್ಥೆಯ ರಚನೆಯೇ ಕೆಟ್ಟಿದೆ.

ಸರಳಪರಿಹಾರ

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ. ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಚೆಕ್‌ಎನ್‌ಟಿಎಫ್‌ಎಸ್ ಸ್ಲ್ಯಾಷ್ ಎಕ್ಸ್ ಸಿ:’ ಎಂದು ಕೊಟ್ಟರೆ ಆನ್ ಮಾಡುವಾಗಿನ ತಪಾಸಣೆ ನಿಂತುಹೋಗುತ್ತದೆ. ನಮ್ಮ ಮನೆಯ ಲ್ಯಾಪ್‌ಟಾಪ್‌ನಲ್ಲಿ ಹೀಗೆ ಮಾಡಿದ ಮೇಲೆ ಯಾವ ತೊಂದರೆಯೂ ಕಂಡಿಲ್ಲ. ಗಿರಾಕಿಗಳು ಕಾಯುತ್ತಿರುವ ಅಂಗಡಿಗೆ ಇದೇ ಸುಲಭದ ದಾರಿ ಎಂದು ನನ್ನ ಅಭಿಪ್ರಾಯ.

ಕಾಲೇಜು ಲ್ಯಾಬ್

ಮೇಲಿನ ಆದೇಶ ತಪಾಸಣೆಯನ್ನು ನಿಲ್ಲಿಸುತ್ತದೆ ಎಂಬುದು ನಿಜ, ಆದರೆ ಡರ್ಟಿ ಬಿಟ್ ಅನ್ನು ಅಳಿಸುವುದಿಲ್ಲ. ಆ ಡ್ರೈವ್ ಅನ್ನು ಮಾತ್ರ ನೋಡಬೇಡವೆಂದು ಆಟೋಚೆಕ್‌ಗೆ ಹೇಳುತ್ತದೆ, ಅಷ್ಟೇ. ಜ್ವರ ಎಷ್ಟಿದೆಯೆಂದು ತೋರಿಸುತ್ತಿರುವ ಥರ್ಮಾಮೀಟರನ್ನು ಎತ್ತಿ ಬೀರುವಿನೊಳಗೆ ಇಟ್ಟಂತೆ. ತಪಾಸಣೆಗೆ ಕಾರಣವಾದ ದೋಷ ಏನೆಂದು ತಿಳಿದು, ಅದು ಅಪಾಯವಿಲ್ಲದ್ದೆಂದು ಖಚಿತವಾದ ಮೇಲೆ ಈ ಆದೇಶ ಬಳಸುವುದಕ್ಕೆ ನನ್ನ ಆಕ್ಷೇಪವಿಲ್ಲ. ಪ್ರಶ್ನೆ ಕೇಳಿದವರ ಪರಿಸ್ಥಿತಿ ಅದಲ್ಲ.

ನಮ್ಮ ಲ್ಯಾಬ್‌ನಲ್ಲಿ ಇದೇ ಲಕ್ಷಣ ಕಂಡಾಗ ಡಿಸ್ಕ್ ಚೆನ್ನಾಗಿಯೇ ಇದ್ದ ಉದಾಹರಣೆಗಳೂ ಇವೆ, ಆದ್ದರಿಂದ ಅವನ್ನೂ ಸೇರಿಸುತ್ತೇನೆ. ಒಂದೇ ಯಂತ್ರದಲ್ಲಿ ವಿಂಡೋಸ್ ಮತ್ತು ಉಬುಂಟು (ಲಿನಕ್ಸ್‌ನ ಒಂದು ರೂಪ) ಎರಡನ್ನೂ ಹಾಕಿಕೊಂಡವರಿಗೆ ಇದು ಸಾಮಾನ್ಯ. ವಿಂಡೋಸ್ 8ರಿಂದ ಈಚೆಗೆ ‘ಫಾಸ್ಟ್ ಸ್ಟಾರ್ಟಪ್’ ಎಂಬ ವ್ಯವಸ್ಥೆ ಇದೆ. ನಾವು ಶಟ್‌ಡೌನ್ ಒತ್ತಿದಾಗ ವಿಂಡೋಸ್ ಪೂರ್ತಿ ಮಲಗದೆ, ತನ್ನ ಒಳಭಾಗದ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಬರೆದಿಟ್ಟುಕೊಂಡು, ಮರುದಿನ ಅಲ್ಲಿಂದಲೇ ಮುಂದುವರಿಯುತ್ತದೆ. ಮಧ್ಯೆ ಉಬುಂಟುವಿನಿಂದ ಅದೇ ಡ್ರೈವ್‌ಗೆ ಏನಾದರೂ ಬರೆದರೆ, ವಿಂಡೋಸ್ ನೆನಪಿಟ್ಟುಕೊಂಡಿರುವುದಕ್ಕೂ ಡ್ರೈವ್‌ನಲ್ಲಿ ಇರುವುದಕ್ಕೂ ತಾಳೆಯಾಗದೆ ಗುರುತು ಬೀಳುತ್ತದೆ. ಅಂಥವರು ‘ಪವರ್‌ಸಿಎಫ್‌ಜಿ ಸ್ಲ್ಯಾಷ್ ಎಚ್ ಆಫ್’ ಕೊಟ್ಟು ಹೈಬರ್ನೇಶನ್ ಜೊತೆಗೆ ಫಾಸ್ಟ್ ಸ್ಟಾರ್ಟಪ್ ಅನ್ನೂ ನಿಲ್ಲಿಸುವುದು ಒಳ್ಳೆಯದು.

ಇನ್ನೊಂದು ಸಾಧ್ಯತೆ ರ‍್ಯಾಮ್. ಕೆಟ್ಟ ರ‍್ಯಾಮ್ ಮೂಲಕ ಹಾದುಹೋದ ಮಾಹಿತಿ ತಪ್ಪಾಗಿಯೇ ಡಿಸ್ಕ್ ಸೇರುತ್ತದೆ. ಡಿಸ್ಕ್‌ನ ಲೆಕ್ಕಗಳೆಲ್ಲ ಶುದ್ಧವಾಗಿದ್ದು, ಫೈಲ್ ವ್ಯವಸ್ಥೆ ಮಾತ್ರ ಮತ್ತೆ ಮತ್ತೆ ಕೆಡುತ್ತಿದ್ದರೆ ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ನಡೆಸಿ ನೋಡಬೇಕು.

ಮೊದಲು ಪ್ರತಿ, ಆಮೇಲೆ ರಿಪೇರಿ ಎಂಬ ಮಾತಿಗೆ ನನ್ನದೂ ಒಂದು ಸಾಕ್ಷಿ ಇರಲಿ. 2020ರ ಡಿಸೆಂಬರ್‌ನಲ್ಲಿ ಬಂದ ವಿಂಡೋಸ್ 10ರ ಕೆಬಿ4592438 ಅಪ್‌ಡೇಟ್ ಹಾಕಿದ ಕೆಲವು ಯಂತ್ರಗಳಲ್ಲಿ ‘ಚೆಕ್‌ಡಿಸ್ಕ್ ಸ್ಲ್ಯಾಷ್ ಎಫ್’ (chkdsk /f, ಡಿಸ್ಕ್ ತಪಾಸಣೆಯ ಆದೇಶ) ನಡೆಸಿದರೆ ಫೈಲ್ ವ್ಯವಸ್ಥೆಯೇ ಕೆಟ್ಟು ಯಂತ್ರ ಏಳದಿರಬಹುದೆಂದು ಮೈಕ್ರೋಸಾಫ್ಟ್ ಪ್ರಕಟಿಸಿ, ಬಳಿಕ ಅದನ್ನು ಸರಿಪಡಿಸಿತ್ತು. ರಿಪೇರಿ ಮಾಡುವ ಉಪಕರಣವೂ ಡಿಸ್ಕ್‌ಗೆ ಬರೆಯುತ್ತದೆ ಎಂಬುದನ್ನು ನೆನಪಿಡಬೇಕು.

ಮುದ್ರಣಮಿತ್ರ

ಎಲ್ಲರಿಗೂ ಧನ್ಯವಾದಗಳು. ಹೇಳಿದಂತೆ ನೋಡಿದ್ದೇನೆ. ನನ್ನಲ್ಲಿ ಉಬುಂಟು ಇಲ್ಲ, ವಿಂಡೋಸ್ ಒಂದೇ. ಡರ್ಟಿ ಕ್ವೆರಿಗೆ ‘ಸಿ ಡರ್ಟಿ’ ಎಂದೇ ಉತ್ತರ ಬಂತು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಳದಿ ಬಣ್ಣದಲ್ಲಿ ‘ಕಾಶನ್’ ಎನ್ನುತ್ತಿದೆ. 05ರ ಎದುರು ಸೊನ್ನೆಗಳ ಸಾಲಿನ ಕೊನೆಯಲ್ಲಿ 18 ಇದೆ. ಸಿ5ರ ಎದುರು 28, ಸಿ6ರ ಎದುರೂ 28, ಸಿ7ರ ಎದುರು ಬರೀ ಸೊನ್ನೆ. ವಿನ್‌ಇನಿಟ್ ವರದಿಯಲ್ಲಿ ಬ್ಯಾಡ್ ಸೆಕ್ಟರ್‌ಗಳಲ್ಲಿ 64 ಕೆಬಿ ಎಂದಿದೆ. ಸಿಸ್ಟಂ ವಿಭಾಗದಲ್ಲಿ 7ನೇ ಸಂಖ್ಯೆಯ ಕೆಂಪು ಗುರುತುಗಳು ಪುಟಗಟ್ಟಲೆ ಇವೆ, ನಡುವೆ ಕೆಲವು 55 ಕೂಡ ಇವೆ.

1 ಟಿಬಿ ಡಿಸ್ಕ್‌ನಲ್ಲಿ 64 ಕೆಬಿ ಎಂದರೆ ಲೆಕ್ಕಕ್ಕೇ ಇಲ್ಲದಷ್ಟು ಸಣ್ಣದಲ್ಲವೇ? ಅಷ್ಟಕ್ಕೆ ಡಿಸ್ಕ್ ಬದಲಾಯಿಸಬೇಕೇ? ಅಥವಾ ‘ಚೆಕ್‌ಡಿಸ್ಕ್ ಸ್ಲ್ಯಾಷ್ ಆರ್’ ಒಮ್ಮೆ ಪೂರ್ತಿ ಓಡಿಸಿ ಕೆಟ್ಟ ಜಾಗಗಳನ್ನು ಮುಚ್ಚಿಸಿದರೆ ಸಾಕೇ? ಫೈಲ್‌ಗಳನ್ನು ಹೊರಗಿನ ಡಿಸ್ಕ್‌ಗೆ ಪ್ರತಿ ಮಾಡಲು ಶುರುಮಾಡಿದೆ, ಆದರೆ ಒಂದು ಫೋಲ್ಡರ್ ಬಳಿ ಹಸಿರು ಪಟ್ಟಿ ನಿಂತು ಮುಂದಕ್ಕೆ ಹೋಗುತ್ತಿಲ್ಲ.

ಹಾರ್ಡ್‌ವೇರ್ ಹವ್ಯಾಸಿ

ಅಂಕಿಗಳು ಸ್ಪಷ್ಟವಾಗಿವೆ. ಒಂದು ಸೂಕ್ಷ್ಮ ಹೇಳುತ್ತೇನೆ. ಆ ತಂತ್ರಾಂಶ ಕೊನೆಯ ಕಾಲಂನ ಅಂಕಿಗಳನ್ನು ಹದಿನಾರರ ಎಣಿಕೆಯಲ್ಲಿ ತೋರಿಸುತ್ತದೆ. ಹೀಗಾಗಿ 28 ಎಂದು ಕಾಣುವುದು ನಮ್ಮ ಎಣಿಕೆಯ 40, 18 ಎಂದು ಕಾಣುವುದು 24. ಸಾಲಿನ ಹೆಸರುಗಳೂ ಹಾಗೆಯೇ. ಸಿ5 ಎಂಬುದು ಬೇರೆ ಕಡೆ 197 ಎಂದು ಬರೆಯುವ ಲೆಕ್ಕ. ಅಂದರೆ ನಿಮ್ಮ ಡಿಸ್ಕ್ 24 ಜಾಗಗಳನ್ನು ಕೆಟ್ಟವೆಂದು ಕೈಬಿಟ್ಟು ಮೀಸಲು ಜಾಗಕ್ಕೆ ವರ್ಗಾಯಿಸಿದೆ, ಇನ್ನೂ 40 ಸೆಕ್ಟರ್‌ಗಳನ್ನು ಓದಲಾಗದೆ ‘ಪೆಂಡಿಂಗ್’ ಎಂದು ಇಟ್ಟುಕೊಂಡಿದೆ. ಸಿ7 ಸೊನ್ನೆಯಾಗಿರುವುದರಿಂದ ಒಳಗಿನ ಕೇಬಲ್ ಮೇಲೆ ಅನುಮಾನವಿಲ್ಲ. ಅದು ಏರುತ್ತಿದ್ದರೆ ಕೇಬಲ್ ಕಳಚಿ ಮತ್ತೆ ಕೂರಿಸಿದರೆ ಸಾಕೆಂದು ಹೇಳಬಹುದಿತ್ತು. ನಿಮ್ಮದು ಡಿಸ್ಕ್‌ನದೇ ದೋಷ.

64 ಕೆಬಿ ಸಣ್ಣದೆಂಬುದು ಸರಿ. ಆದರೆ ಪ್ರಶ್ನೆ ಎಷ್ಟು ಎಂಬುದಕ್ಕಿಂತ ಎಲ್ಲಿ ಎಂಬುದು, ಮತ್ತು ಅದು ಬೆಳೆಯುತ್ತಿದೆಯೇ ಎಂಬುದು. ಎಲ್ಲ ಫೈಲ್‌ಗಳ ವಿಳಾಸಪಟ್ಟಿ ಇರುವ ಭಾಗದಲ್ಲಿ ಒಂದೆರಡು ಸೆಕ್ಟರ್ ಓದಲಾಗದಿದ್ದರೂ ವಿಂಡೋಸ್ ಪ್ರತಿದಿನ ಅಲ್ಲಿ ಎಡವಿ ಗುರುತು ಹಾಕುತ್ತದೆ. ತಪಾಸಣೆ ಮುಗಿದೂ ಎರಡು ದಿನದಲ್ಲಿ ಗುರುತು ಮರಳಿ ಬಂದಿರುವುದು, ಆ ನಡುವೆ ಹೊಸ ಜಾಗಗಳು ಕೆಡುತ್ತಿವೆ ಎಂಬುದಕ್ಕೆ ಸಾಕಷ್ಟು ಬಲವಾದ ಸೂಚನೆ.

‘ಸ್ಲ್ಯಾಷ್ ಆರ್’ ಬೇಡ. ಅದು ಐದು ಹಂತಗಳಲ್ಲಿ ನಡೆಯುತ್ತದೆ. ಮೊದಲ ಮೂರು ಹಂತಗಳು ಫೈಲ್ ವ್ಯವಸ್ಥೆಯ ರಚನೆಯನ್ನು ಮಾತ್ರ ನೋಡುತ್ತವೆ. ನಾಲ್ಕನೆಯದು ಫೈಲ್‌ಗಳಿರುವ ಪ್ರತಿಯೊಂದು ಜಾಗವನ್ನು, ಐದನೆಯದು ಖಾಲಿ ಇರುವ ಪ್ರತಿಯೊಂದು ಜಾಗವನ್ನು ಓದುತ್ತವೆ. ಓದಲಾಗದ ಒಂದೊಂದು ಜಾಗದಲ್ಲೂ ಡಿಸ್ಕ್ ಮತ್ತೆ ಮತ್ತೆ ತಡಕಾಡುತ್ತದೆ. ಸಾಯುತ್ತಿರುವ ಡಿಸ್ಕ್‌ಗೆ ಇಷ್ಟು ಶ್ರಮ ಕೊಟ್ಟರೆ, ಫೈಲ್‌ಗಳನ್ನು ಹೊರತೆಗೆಯಲು ಉಳಿದಿದ್ದ ಅವಕಾಶವೂ ಅದರಲ್ಲೇ ಕರಗಿಹೋಗಬಹುದು. ಫಾರ್ಮ್ಯಾಟ್ ಮಾಡಿ ಇದೇ ಡಿಸ್ಕ್‌ಗೆ ಹೊಸ ವಿಂಡೋಸ್ ಹಾಕಿದ್ದರೆ ಒಂದೆರಡು ವಾರ ಚೆನ್ನಾಗಿ ನಡೆದು, ಫೈಲ್‌ಗಳೂ ಇಲ್ಲದೆ, ಮತ್ತೆ ಇದೇ ಪರದೆಗೆ ಬಂದು ನಿಲ್ಲುತ್ತಿತ್ತು.

ಫೋಲ್ಡರ್ ಪ್ರತಿ ನಿಂತಿರುವುದಕ್ಕೆ ರೋಬೊಕಾಪಿ ಬಳಸಿ. ಇದು ವಿಂಡೋಸ್‌ನಲ್ಲೇ ಇದೆ. ಆದರೆ ಅದರ ಸ್ವಭಾವ ತಿಳಿದಿರಬೇಕು. ಹಾಗೆಯೇ ಓಡಿಸಿದರೆ ಓದಲಾಗದ ಒಂದು ಫೈಲ್‌ಗಾಗಿ 10 ಲಕ್ಷ ಸಲ, ಪ್ರತಿ ಸಲಕ್ಕೆ 30 ಸೆಕೆಂಡ್ ಬಿಡುವು ಕೊಟ್ಟು ಪ್ರಯತ್ನಿಸುತ್ತದೆ. ಆದ್ದರಿಂದ ಮೂಲ ಫೋಲ್ಡರ್, ತಲುಪಬೇಕಾದ ಫೋಲ್ಡರ್ ಬರೆದ ಮೇಲೆ ‘ಸ್ಲ್ಯಾಷ್ ಇ’, ‘ಸ್ಲ್ಯಾಷ್ ಆರ್ ಕೋಲನ್ 1’, ‘ಸ್ಲ್ಯಾಷ್ ಡಬ್ಲ್ಯೂ ಕೋಲನ್ 1’ ಎಂಬ ಮೂರನ್ನೂ ಸೇರಿಸಿ. ಆಗ ಒಂದೇ ಸಲ ಮರುಪ್ರಯತ್ನಿಸಿ, ಸಿಗದಿದ್ದರೆ ಬಿಟ್ಟು ಮುಂದಿನ ಫೈಲ್‌ಗೆ ಹೋಗುತ್ತದೆ. ಬೇರೆಲ್ಲೂ ಪ್ರತಿ ಇಲ್ಲದ ಫೈಲ್‌ಗಳಿಂದ ಶುರುಮಾಡಿ. ಡಿಟಿಪಿಯವರು ಮರೆಯುವ ಒಂದು ವಸ್ತು ಫಾಂಟ್ ಫೋಲ್ಡರ್. ನಿಮ್ಮ ಹಳೆಯ ನುಡಿ ಮತ್ತು ಪೇಜ್‌ಮೇಕರ್ ಫೈಲ್‌ಗಳು ಯೂನಿಕೋಡ್‌ನಲ್ಲಿ ಇರಲಾರವು. ಆ ಫಾಂಟ್‌ಗಳಿಲ್ಲದ ಯಂತ್ರದಲ್ಲಿ ಲಗ್ನಪತ್ರಿಕೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ವಿಂಡೋಸ್ ಫೋಲ್ಡರ್‌ನೊಳಗಿನ ಫಾಂಟ್ಸ್ ಅನ್ನೂ ಪ್ರತಿ ಮಾಡಿಕೊಳ್ಳಿ.

ಇಷ್ಟಾದ ಮೇಲೆ, ಇಡೀ ಡಿಸ್ಕ್ ಅನ್ನು ಇದ್ದಂತೆಯೇ ಹೊಸ ಎಸ್‌ಎಸ್‌ಡಿಗೆ (ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲಿ ಮಾಹಿತಿ ಇಡುವ ಡಿಸ್ಕ್) ಇಳಿಸುವ ಕೆಲಸ. ತಂತ್ರಾಂಶಗಳನ್ನೆಲ್ಲ ಮತ್ತೆ ಹಾಕುವ ತಾಪತ್ರಯ ತಪ್ಪುವುದರಿಂದ ಅಂಗಡಿಗೆ ಇದೇ ಮೇಲು. ಕೊಳ್ಳುವಾಗ 960 ಜಿಬಿಯದನ್ನು 1 ಟಿಬಿ ಎಂದೇ ಕೊಡಬಹುದು, ಡಬ್ಬಿಯ ಮೇಲೆ ಬರೆದಿರುವುದನ್ನು ಓದಿಯೇ ತೆಗೆದುಕೊಳ್ಳಿ. ಹಳೆಯದಕ್ಕಿಂತ ಸ್ವಲ್ಪವೇ ಚಿಕ್ಕದಾದರೂ ಪೂರ್ತಿ ಪ್ರತಿ ಅದರಲ್ಲಿ ಹಿಡಿಸುವುದಿಲ್ಲ. ಯುಎಸ್‌ಬಿಯಿಂದ ಜೋಡಿಸುವ ಒಂದು ಕೇಸ್ ಕೂಡ ಬೇಕು.

ಪ್ರತಿ ಮಾಡಲು ಲಿನಕ್ಸ್‌ನ ಡಿಡಿರೆಸ್ಕ್ಯೂ ಬಳಸಿ. ಅದಿರುವ ‘ಸಿಸ್ಟಂರೆಸ್ಕ್ಯೂ’ ಎಂಬ ಉಚಿತ ಲಿನಕ್ಸ್ ಅನ್ನು ಪೆನ್‌ಡ್ರೈವ್‌ಗೆ ಬರೆದುಕೊಂಡು ಅದರಿಂದ ಯಂತ್ರ ಎಬ್ಬಿಸಬಹುದು. ಸಾಮಾನ್ಯ ಕ್ಲೋನಿಂಗ್ ತಂತ್ರಾಂಶಗಳು ಕೆಟ್ಟ ಜಾಗ ಸಿಕ್ಕಲ್ಲೇ ನಿಲ್ಲುತ್ತವೆ, ಇಲ್ಲವೇ ಗುದ್ದಾಡುತ್ತವೆ. ಡಿಡಿರೆಸ್ಕ್ಯೂ ಮೊದಲ ಸುತ್ತಿನಲ್ಲಿ ಸಲೀಸಾಗಿ ಸಿಗುವುದನ್ನೆಲ್ಲ ಎತ್ತಿಕೊಂಡು, ಕಷ್ಟದ ಜಾಗಗಳನ್ನು ಕೊನೆಗೆ ಇಟ್ಟುಕೊಳ್ಳುತ್ತದೆ. ಎಲ್ಲಿಯವರೆಗೆ ಆಗಿದೆ ಎಂಬುದನ್ನು ಒಂದು ಮ್ಯಾಪ್ ಫೈಲ್‌ನಲ್ಲಿ ಬರೆದಿಡುತ್ತದೆ. ಆ ಫೈಲ್ ಅನ್ನು ಇನ್ನೊಂದು ಪೆನ್‌ಡ್ರೈವ್‌ನಲ್ಲಿ ಉಳಿಸಿದರೆ, ಮಧ್ಯೆ ನಿಂತರೂ ಬಿಟ್ಟಲ್ಲಿಂದ ಮುಂದುವರಿಸಬಹುದು. ಮೊದಲ ಸುತ್ತಿಗೆ ‘ಮೈನಸ್ ಎನ್’ ಆಯ್ಕೆ, ಎರಡನೆಯ ಸುತ್ತಿಗೆ ‘ಮೈನಸ್ ಆರ್ 3’ ಸಾಕು. ಡಿಸ್ಕ್‌ಗೆ ನೇರವಾಗಿ ಬರೆಯಬೇಕಾದ್ದರಿಂದ ಎರಡೂ ಸಲ ‘ಮೈನಸ್ ಎಫ್’ ಬೇಕಾಗುತ್ತದೆ.

ಇಲ್ಲಿ ಅತ್ಯಂತ ಎಚ್ಚರ ಬೇಕಾದ ಜಾಗ ಒಂದೇ: ಆದೇಶದಲ್ಲಿ ಮೊದಲು ಬರುವುದು ಹಳೆಯ ಡಿಸ್ಕ್, ನಂತರ ಬರುವುದು ಹೊಸದು. ಅದಲುಬದಲಾದರೆ ಖಾಲಿ ಎಸ್‌ಎಸ್‌ಡಿ ಬಂದು ನಿಮ್ಮ ಫೈಲ್‌ಗಳ ಮೇಲೆ ಕೂರುತ್ತದೆ. ‘ಎಲ್‌ಎಸ್‌ಬಿಎಲ್‌ಕೆ’ ಆದೇಶದಲ್ಲಿ ಎರಡೂ 931.5 ಜಿ ಎಂದೇ ಕಾಣುತ್ತವೆ, ಆದ್ದರಿಂದ ಗಾತ್ರ ನೋಡಿ ತೀರ್ಮಾನಿಸದೆ ‘ಮೈನಸ್ ಓ ನೇಮ್, ಸೈಜ್, ಮಾಡೆಲ್’ ಎಂದು ಸೇರಿಸಿ ಮಾಡೆಲ್ ಹೆಸರನ್ನೇ ನೋಡಿ. ಕೈಹಾಕುವ ಮೊದಲು ವಿಂಡೋಸ್ ಅನ್ನು ಶಿಫ್ಟ್ ಕೀ ಹಿಡಿದು ಶಟ್‌ಡೌನ್ ಮಾಡಿ, ಆಗ ಫಾಸ್ಟ್ ಸ್ಟಾರ್ಟಪ್‌ನ ಅರೆನಿದ್ದೆ ಇರುವುದಿಲ್ಲ. ಬಿಟ್‌ಲಾಕರ್ (ಡಿಸ್ಕ್‌ನ ಮಾಹಿತಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಚಾಲೂ ಇದ್ದರೆ 48 ಅಂಕಿಗಳ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಬ್ಯಾಟರಿ ಇಲ್ಲದ ಲ್ಯಾಪ್‌ಟಾಪ್ ಆದ್ದರಿಂದ ಈ ಕೆಲಸದ ಮಟ್ಟಿಗಾದರೂ ಡೆಸ್ಕ್‌ಟಾಪ್ ಕಳಚಿ ಯುಪಿಎಸ್‌ಗೆ ಇದನ್ನು ಜೋಡಿಸಿ. ಯುಎಸ್‌ಬಿ 3 ಕಿಂಡಿಗೆ ಹಾಕಿದರೆ ಚೆನ್ನಾಗಿರುವ 1 ಟಿಬಿ ಡಿಸ್ಕ್‌ಗೆ ಮೂರು ನಾಲ್ಕು ಗಂಟೆ ಸಾಕು, ನಿಮ್ಮದಕ್ಕೆ ಹೆಚ್ಚು ಹಿಡಿಯಬಹುದು.

ಎಸ್‌ಎಸ್‌ಡಿಯನ್ನು ಲ್ಯಾಪ್‌ಟಾಪ್‌ಗೆ ಹಾಕಿದ ಮೇಲೆ ‘ಚೆಕ್‌ಡಿಸ್ಕ್ ಸಿ: ಸ್ಲ್ಯಾಷ್ ಎಫ್’ ಕೊಡಿ. ಪ್ರತಿಯ ಜೊತೆಗೆ ಡರ್ಟಿ ಬಿಟ್ ಕೂಡ ಬಂದಿರುವುದರಿಂದ ತಪಾಸಣೆ ಒಮ್ಮೆ ನಡೆಯಲೇಬೇಕು, ಆಗ ಕೀ ಒತ್ತಬೇಡಿ.

ಮುದ್ರಣಮಿತ್ರ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಎಸ್‌ಎಸ್‌ಡಿ ತರಿಸಿ, ಪಕ್ಕದ ಊರಿನ ಐಟಿಐ ಉಪನ್ಯಾಸಕರೊಬ್ಬರ ನೆರವಿನಿಂದ ಡಿಡಿರೆಸ್ಕ್ಯೂ ಓಡಿಸಿದೆವು. ಮೊದಲ ಸುತ್ತು ಸಂಜೆಯೊಳಗೆ ಮುಗಿಯಿತು. ಎರಡನೆಯ ಸುತ್ತು ರಾತ್ರಿಯೆಲ್ಲ ಓಡಿ, ಕೊನೆಗೆ ಓದಲಾಗದೆ ಉಳಿದದ್ದು ಬಹಳ ಕಡಿಮೆ. ಹೊಸ ಡಿಸ್ಕ್‌ನಲ್ಲಿ ತಪಾಸಣೆ ಕೆಲವೇ ನಿಮಿಷಗಳಲ್ಲಿ ಮುಗಿದು, ಈಗ ‘ನಾಟ್ ಡರ್ಟಿ’ ಎಂದು ಬರುತ್ತಿದೆ. ಆ ಪರದೆ ಮತ್ತೆ ಕಂಡಿಲ್ಲ. ಪೇಜ್‌ಮೇಕರ್ ಫೈಲ್ ಉಳಿಸುವಾಗ ನಿಲ್ಲುವುದೂ ಹೋಗಿದೆ.

ಎರಡು ಅನುಮಾನಗಳಿವೆ. ಸಿ ಡ್ರೈವ್‌ನಲ್ಲಿ ‘ಫೌಂಡ್.000’ ಎಂಬ ಮಸುಕಾದ ಫೋಲ್ಡರ್ ಬಂದಿದೆ. ಅದರೊಳಗೆ ‘ಸಿಎಚ್‌ಕೆ’ ಎಂದು ಕೊನೆಯಾಗುವ, ಏನೂ ತೆರೆಯದ ಫೈಲ್‌ಗಳಿವೆ. ಅಳಿಸಬಹುದೇ? ಇನ್ನೊಂದು, ಹೊಸ ಡಿಸ್ಕ್‌ನ ವರದಿಯಲ್ಲೂ ಬ್ಯಾಡ್ ಸೆಕ್ಟರ್‌ಗಳಲ್ಲಿ 64 ಕೆಬಿ ಎಂದೇ ತೋರಿಸುತ್ತಿದೆ. ಹೊಸ ಎಸ್‌ಎಸ್‌ಡಿಯೂ ಕೆಟ್ಟದ್ದೇ?

ಹಾರ್ಡ್‌ವೇರ್ ಹವ್ಯಾಸಿ

ಎಸ್‌ಎಸ್‌ಡಿ ಕೆಟ್ಟಿಲ್ಲ. ಯಾವ ಜಾಗ ಬಳಸಬಾರದೆಂದು ಎನ್‌ಟಿಎಫ್‌ಎಸ್ ಹಳೆಯ ಡಿಸ್ಕ್‌ನಲ್ಲಿ ಬರೆದಿಟ್ಟುಕೊಂಡಿದ್ದ ಪಟ್ಟಿ ಪ್ರತಿಯ ಜೊತೆ ಹಾಗೆಯೇ ಇಳಿದು ಬಂದಿದೆ. ‘ಚೆಕ್‌ಡಿಸ್ಕ್ ಸಿ: ಸ್ಲ್ಯಾಷ್ ಬಿ’ ಇರುವುದೇ ಇದಕ್ಕೆ. ಅದು ಆ ಪಟ್ಟಿಯನ್ನು ಅಳಿಸಿ ಎಲ್ಲ ಜಾಗಗಳನ್ನೂ ಹೊಸದಾಗಿ ಓದಿ ನೋಡುತ್ತದೆ. ಹಳೆಯ ಡಿಸ್ಕ್‌ನಲ್ಲಿ ಬೇಡವೆಂದ ಪೂರ್ತಿ ಓದುವ ಕೆಲಸವನ್ನು ಹೊಸದರಲ್ಲಿ ಧಾರಾಳವಾಗಿ ಮಾಡಿಸಬಹುದು. ಅಂಗಡಿ ಮುಚ್ಚುವ ಹೊತ್ತಿಗೆ ಯುಪಿಎಸ್‌ನಲ್ಲಿಯೇ ಇಟ್ಟು ಓಡಿಸಿ.

ಸಿಎಚ್‌ಕೆ ಫೈಲ್‌ಗಳನ್ನು ಈಗಲೇ ಅಳಿಸಬೇಡಿ. ಹೆಸರು ಮತ್ತು ವಿಳಾಸ ಕಳೆದುಕೊಂಡ ತುಣುಕುಗಳನ್ನು ತಪಾಸಣೆ ಅಲ್ಲಿ ಕೂಡಿಹಾಕಿರುತ್ತದೆ. ರೋಬೊಕಾಪಿ ಬಿಟ್ಟುಹೋದ ಫೈಲ್‌ಗಳ ಹೆಸರು ನಿಮ್ಮ ಬಳಿ ಇದ್ದರೆ, ಮೊದಲು ಅವು ಹೊಸ ಡಿಸ್ಕ್‌ನಲ್ಲಿ ತೆರೆಯುತ್ತವೆಯೇ ನೋಡಿ. ತೆರೆಯದಿದ್ದರೆ ಮಾತ್ರ ಈ ತುಣುಕುಗಳಲ್ಲಿ ಹುಡುಕಬೇಕು. ಒಂದೊಂದರ ಪ್ರತಿಯನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಮೊದಲ ಅಕ್ಷರಗಳನ್ನು ಗಮನಿಸಿ. ಶೇಕಡಾ ಚಿಹ್ನೆಯ ಹಿಂದೆಯೇ ಪಿಡಿಎಫ್ ಎಂದಿದ್ದರೆ ಅದು ಪಿಡಿಎಫ್. ಪಿಕೆ ಎಂದು ಶುರುವಾದರೆ ಹೊಸ ಮಾದರಿಯ ವರ್ಡ್, ಎಕ್ಸೆಲ್ ಅಥವಾ ಜಿಪ್ ಫೈಲ್ ಇರಬಹುದು. ಕೊನೆಯ ಹೆಸರು ಬದಲಾಯಿಸಿ ತೆರೆದು ನೋಡಿ. ಬೇಕಾದದ್ದೆಲ್ಲ ಬೇರೆ ಕಡೆ ಸಿಕ್ಕಿದ್ದರೆ ಆ ಫೋಲ್ಡರ್ ಅಳಿಸಿದರೆ ನಷ್ಟವಿಲ್ಲ.

ಹಳೆಯ ಡಿಸ್ಕ್ ಅನ್ನು ಒಂದೆರಡು ತಿಂಗಳು ಹಾಗೆಯೇ ಇಟ್ಟುಕೊಳ್ಳಿ. ಗುಜರಿಗೆ ಹಾಕುವಾಗ ಅದರಲ್ಲಿ ಗಿರಾಕಿಗಳ ಅಫಿಡವಿಟ್, ಆಧಾರ್ ಪ್ರತಿಗಳು ಇರುವುದನ್ನು ನೆನಪಿಟ್ಟುಕೊಂಡು, ತಟ್ಟೆಗೆ ಒಂದು ತೂತು ಕೊರೆದೇ ಕೊಡಿ. ಹೊಸ ಬ್ಯಾಟರಿ ಬರುವವರೆಗೆ ಲ್ಯಾಪ್‌ಟಾಪ್‌ನ ಚಾರ್ಜರ್ ಯುಪಿಎಸ್‌ನಲ್ಲೇ ಇರಲಿ.